ಮೂರು ಗುಡ್ಡ, ಒಂದು ಬಾಯಿಬಿಟ್ಟ ಬೂಟು

ಮೊದಲ ದಿನ: ಯಾದಗಿರಿ

ಎಳ್ಳ ಅಮಾವಾಸ್ಯೆ ಮುಗಿದ ಮೂರನೇ ದಿನ ಹೊರಟೆವು, ನಾನು ಮತ್ತು ಕಾಕಾ. ಕಾಕಾ ನಿವೃತ್ತ ಗಣಿತ ಮಾಸ್ತರು. ಮೊಣಕಾಲು ನೋವು ಅಂತ ಮನೆಯ ಮಾಳಿಗೆ ಸಹ ಹತ್ತದವರು, ಗುಡ್ಡ ಅಂದ ಕೂಡಲೇ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಚಿಗವ್ವ ಹಬ್ಬದಲ್ಲಿ ಉಳಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಶೇಂಗಾ ಹೋಳಿಗೆ ಕಟ್ಟಿಕೊಟ್ಟು, "ಮೂರು ದಿನಕ್ಕ ಸಾಕು, ಹೋಟೆಲಿನ್ಯಾಗ ತಿಂದು ಹೊಟ್ಟಿ ಕೆಡಿಸ್ಕೋಬ್ಯಾಡ್ರಿ" ಅಂದಳು. ಹೋಳಿಗೆ ವಾಡಿ ಜಂಕ್ಷನ್ನಿನಲ್ಲೇ ಖಾಲಿಯಾದವು.

ಕಲಬುರಗಿಯವರಿಗೆ ಯಾದಗಿರಿ ಅಂದರೆ ರೈಲು ನಿಲ್ಲುವ ಊರು. ರಾಯಚೂರಿಗೆ, ಮಂತ್ರಾಲಯಕ್ಕೆ ಹೋಗುವಾಗಲೆಲ್ಲ ಊರ ನೆತ್ತಿಯ ಮೇಲೆ ಕೂತ ಆ ಗುಡ್ಡದ ಕಡೆ ನೋಡಿ, "ಒಮ್ಮೆ ಇಳೀಬೇಕು" ಅಂದುಕೊಂಡು, ಮತ್ತೆ ಮೊಬೈಲಿಗೆ ಕಣ್ಣು ತಿರುಗಿಸಿದವನು ನಾನು. 2009ರ ಕೊನೆಯವರೆಗೂ ಅದು ನಮ್ಮದೇ ಜಿಲ್ಲೆಯಾಗಿತ್ತು. ಬೇರೆ ಜಿಲ್ಲೆಯಾದ ಮೇಲೆ ನೋಡುವ ಬುದ್ಧಿ ಬಂತು.

ಶಹಾಬಾದ್, ವಾಡಿ ದಾಟುವ ತನಕ ನೆಲ ರೊಟ್ಟಿ ಬಡಿದಂತೆ ಚಪ್ಪಟೆ. ಅಲ್ಲಲ್ಲಿ ಪರಸಿ ಕಲ್ಲಿನ ಖಣಿ, ಸಿಮೆಂಟಿನ ಧೂಳು. ಮುಂದೆ ನಿಧಾನಕ್ಕೆ ಬಂಡೆಗಳು ತಲೆ ಎತ್ತುತ್ತವೆ. ಮೊದಲು ಹೊಲದ ನಡುವೆ ಒಂಟಿ ಗುಂಡು, ಆಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಗುಂಡುಗಳು, ಆಮೇಲೆ ಗುಡ್ಡ.

"ಇಲ್ಲಿಗಿ ನಮ್ಮ ಕಲ್ಲು ಮುಗೀತು ನೋಡು" ಅಂದರು ಕಾಕಾ. ಪದರು ಪದರಾಗಿ ಏಳುವ ಸುಣ್ಣಕಲ್ಲಿನ ಸೀಮೆ ಹಿಂದಕ್ಕೆ ಉಳಿದು, ಗ್ರಾನೈಟಿನ ಸೀಮೆ ಶುರುವಾಗುವ ಜಾಗ ಇದು. ಕೋಟೆಯ ಲೆಕ್ಕವೂ ಇಲ್ಲಿಗೇ ಬದಲಾಗುತ್ತದೆ. ನಮ್ಮ ಕಲಬುರಗಿ ಕೋಟೆ ಬಯಲಿನಲ್ಲಿ ಇರುವುದರಿಂದ ಅದರ ಸುತ್ತ ಅಗಲವಾದ ಕಂದಕ ತೋಡಬೇಕಾಯಿತು, ಗೋಡೆಯನ್ನು ದಪ್ಪ ಕಟ್ಟಬೇಕಾಯಿತು. ಯಾದಗಿರಿಯಲ್ಲಿ ಅರ್ಧ ಕೆಲಸ ಬಂಡೆಯೇ ಮಾಡಿಟ್ಟಿದೆ. ಮನುಷ್ಯ ಮಾಡಿದ್ದು ಎರಡು ಬಂಡೆಗಳ ನಡುವಿನ ಸಂದು ಮುಚ್ಚುವ ಕೆಲಸ.

ಬುಡದಿಂದ ಹತ್ತಲು ಶುರು ಮಾಡಿದಾಗ ಏಳೂವರೆ. ನಮ್ಮನ್ನು ಯಾರೂ ಟಿಕೆಟ್ ಕೇಳಲಿಲ್ಲ. ವಾಕಿಂಗ್ ಮುಗಿಸಿ ಇಳಿಯುತ್ತಿದ್ದ ಇಬ್ಬರು, "ನೀರು ಒಯ್ದೀರೇನ್ರಿ? ಮ್ಯಾಲ ಏನೂ ಸಿಗಂಗಿಲ್ಲ" ಅಂತ ನಿಂತು ಕೇಳಿದರು. ಎರಡು ಲೀಟರ್ ಒಯ್ದಿದ್ದೆವು. ಚಳಿಗಾಲದಲ್ಲೇ ಅದು ಸಾಲಲಿಲ್ಲ, ಇನ್ನು ಯುಗಾದಿ ಕಳೆದ ಮೇಲೆ ಬರುವವರು ಏನು ಮಾಡುತ್ತಾರೋ. ಬಿಸಿಲೇರಿದ ಬಂಡೆಯ ಮೇಲೆ ಮಧ್ಯಾಹ್ನ ಕೂತರೆ ಹಂಚಿನ ಮೇಲಿನ ರೊಟ್ಟಿಯೇ.

ಕಾಕಾ ಮೆಟ್ಟಿಲು ಎಣಿಸುತ್ತಿದ್ದರು. ಮೊದಲ ಬಾಗಿಲಿಗೆ ಬರುವ ಹೊತ್ತಿಗೆ ನಾನು ಏನೋ ಕೇಳಿ ಲೆಕ್ಕ ತಪ್ಪಿಸಿದೆ. ಬೈದರು. ಆ ಬಾಗಿಲು ನೇರ ಇಲ್ಲ, ದಾರಿ ಗೋಡೆಗೆ ಮೈ ಉಜ್ಜಿಕೊಂಡು ಬಂದು ಥಟ್ಟನೆ ತಿರುಗುತ್ತದೆ. ಓಡಿ ಬಂದ ಆನೆಗೆ ಬಾಗಿಲು ಗುದ್ದಲು ಬೇಕಾದ ಓಟ ಸಿಗಬಾರದು, ಬಂದವನ ಪಕ್ಕೆ ಗೋಡೆಯ ಮೇಲಿನವನಿಗೆ ಕಾಣಬೇಕು. ಬೀದರಿನಲ್ಲೂ ಈ ತಿರುವು ನೋಡಿದ್ದೇನೆ. ಅಲ್ಲಿ ಅದು ಗೈಡ್ ಹೇಳಿದ ಮಾತಾಗಿತ್ತು. ಇಲ್ಲಿ ಏದುಸಿರು ಬಿಡುತ್ತ ತಿರುಗಿದಾಗ ಮೊದಲ ಸಲ ಅರ್ಥವಾಯಿತು.

ಊರವರು ಯಾದವಗಿರಿ ಅನ್ನುತ್ತಾರೆ, ದೇವಗಿರಿಯ ಯಾದವರ ನೆನಪು. ಅವರ ನಂತರ, 1347ರಲ್ಲಿ ನಮ್ಮೂರಲ್ಲಿ ಗದ್ದುಗೆ ಹೂಡಿದ ಬಹಮನಿಗಳು, ಆಮೇಲೆ ವಿಜಯಪುರದ ಆದಿಲಶಾಹಿಗಳು, 1686ರಲ್ಲಿ ವಿಜಯಪುರ ಬಿದ್ದ ಮೇಲೆ ಮೊಗಲರು, ಕೊನೆಗೆ 1948ರ ಸೆಪ್ಟೆಂಬರ್ ತನಕ ನಿಜಾಮರು. ಪುಸ್ತಕದಲ್ಲಿ ಇದು ಪುಟ ತಿರುಗಿಸಿದಷ್ಟು ಬೇಗ ಮುಗಿಯುತ್ತದೆ. ಗುಡ್ಡದ ಮೇಲೆ ಹಾಗಲ್ಲ, ಎಲ್ಲ ಒಟ್ಟಿಗೇ ಇವೆ. ಬಂಡೆಯ ಮುಖದಲ್ಲಿ ಕೊರೆದ ಜಿನಬಿಂಬ, ಪ್ರಾರ್ಥನೆಯ ಜಾಗ, ಗುಡಿ, ಬುರುಜಿನ ಮೇಲೆ ಉದ್ದದ ಕಬ್ಬಿಣದ ತೋಪು. ತೋಪಿನ ಬೆನ್ನು ಕೂತವರ ಪ್ಯಾಂಟು ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಬಾಯೊಳಗೆ ಯಾರೋ ಕುರ್‌ಕುರೆ ಪಾಕೀಟು ತುರುಕಿದ್ದರು. ಕಾಕಾ ಕೊಡೆಯ ತುದಿಯಿಂದ ಅದನ್ನು ಎಳೆದು ತೆಗೆದರು. ಮಾಸ್ತರಿಕೆ ನಿವೃತ್ತಿಯಾಗುವುದಿಲ್ಲ.

ನನಗೆ ಗೋಡೆಗಿಂತ ಹೊಂಡಗಳು ಹಿಡಿಸಿದವು. ಬಂಡೆಯ ತಗ್ಗಿನಲ್ಲಿ ಮಳೆ ನೀರು ನಿಲ್ಲಿಸಿದ ಜಾಗಗಳು. ಒಂದರಲ್ಲಿ ಡಿಸೆಂಬರಿನಲ್ಲೂ ಹಸಿರು ನೀರಿತ್ತು, ಅಂಚಿನಲ್ಲಿ ಕೊರೆದ ಮೆಟ್ಟಿಲು. ಅಲ್ಲಿ ನಿಂತರೆ ಒಂದು ಬದಿ ರೈಲು ಹಳಿ, ಇನ್ನೊಂದು ಬದಿ ದೂರದಲ್ಲಿ ಭೀಮಾ ನದಿಯ ಬೆಳ್ಳಿ ಗೆರೆ. ಕಣ್ಣೆದುರು ಅಷ್ಟು ದೊಡ್ಡ ನದಿ, ಆದರೆ ಮುತ್ತಿಗೆ ಬಿದ್ದ ದಿನ ಅದರ ಒಂದು ಕೊಡ ನೀರೂ ಮೇಲೆ ಬರುವುದಿಲ್ಲ. ಗುಡ್ಡದ ಕೋಟೆ ಎಷ್ಟು ದಿನ ತಡೆಯುತ್ತದೆ ಅನ್ನುವುದನ್ನು ತೋಪಿನ ಎಣಿಕೆಗಿಂತ ಈ ಹೊಂಡದ ಆಳವೇ ಹೇಳುತ್ತದೆ.

ಇಳಿಯುವಾಗ ಎಡವಟ್ಟಾಯಿತು. ಹತ್ತಿದ ದಾರಿ ಬಿಟ್ಟು ಹತ್ತಿರದ ದಾರಿ ಅಂತ ಬಂಡೆಗಳ ನಡುವೆ ಇಳಿದೆ. ನನ್ನ ಬಲಗಾಲಿನ ಬೂಟು ಬಾಯಿ ಬಿಟ್ಟಿತು. ತಳ ಪೂರ್ತಿ ಕಿತ್ತು ಹಿಮ್ಮಡಿಯಲ್ಲಿ ಮಾತ್ರ ಹಿಡಿದುಕೊಂಡಿದೆ, ಹೆಜ್ಜೆ ಇಟ್ಟರೆ ಪಟ್ ಪಟ್ ಅಂತ ಚಪ್ಪಾಳೆ. ಕಾಕಾ ಮೇಲೆ ನಿಂತು ನಗುತ್ತಿದ್ದರು. ಆಡು ಮೇಯಿಸುತ್ತಿದ್ದ ಒಬ್ಬ ಹಿರಿಯರು ಬಂದು ನೋಡಿದರು. ಹೆಗಲಿಗೆ ಸುತ್ತಿಕೊಂಡಿದ್ದ ಹಗ್ಗದಿಂದ ಒಂದು ಮಾರು ಕುಡುಗೋಲಿನಿಂದ ಕೊಯ್ದು, ನನ್ನನ್ನು ಬಂಡೆಯ ಮೇಲೆ ಕೂರಿಸಿ, ಬೂಟಿಗೆ ಹೊರೆ ಕಟ್ಟಿದಂತೆ ಮೂರು ಸುತ್ತು ಸುತ್ತಿ ಗಂಟು ಹಾಕಿದರು.

"ಪುಂಡಿ ನಾರಿಂದದ. ಹರಿಯಂಗಿಲ್ಲ, ಹೋಗ್ರಿ."

ದುಡ್ಡು ಕೊಡಲು ಹೋದರೆ ಬೇಡ ಅಂದರು. ಸಜ್ಜಿ ರೊಟ್ಟಿ ಕೊಟ್ಟರೆ ತೊಗೊಂಡರು. ನಾವು ಬಂದ ದಾರಿ ತೋರಿಸಿ, "ಅದು ಇಳಿಯೋ ದಾರಿ ಅಲ್ಲ, ನೀರು ಹರಿಯೋ ದಾರಿ. ನೀರಿಗಿ ಕಾಲು ಮುರಿಯಂಗಿಲ್ಲ, ನಿಮಗ ಮುರೀತದ" ಅಂದರು.

ರಾತ್ರಿ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿಯ ಜೊತೆ ಪುಂಡಿ ಪಲ್ಯ ಬಂತು. ಹುಳಿ ಹುಳಿ, ಮೇಲೆ ಒಗ್ಗರಣೆಯ ಬೆಳ್ಳುಳ್ಳಿ. ಎಲೆ ತಾಟಿನಲ್ಲಿ, ನಾರು ಕಾಲಿನಲ್ಲಿ. ಕಾಕಾ ಇದನ್ನು ಮೂರು ಸಲ ಹೇಳಿ ಮೂರು ಸಲ ನಕ್ಕರು.

ಎರಡನೇ ದಿನ: ಶಹಾಪುರ, ಸಗರ, ಸುರಪುರ

ಬೆಳಗ್ಗೆ ಒಗ್ಗರಣಿ ಮಿರ್ಚಿ ತಿಂದು ಶಹಾಪುರದ ಬಸ್ಸು ಹಿಡಿದೆವು. ಭೀಮಾ ಸೇತುವೆಯ ಮೇಲೆ ಮಂಜು ಎಷ್ಟಿತ್ತೆಂದರೆ ಕೆಳಗೆ ನದಿ ಇದೆ ಅನ್ನುವುದು ಸದ್ದು ಬದಲಾದಾಗಲೇ ಗೊತ್ತಾಯಿತು.

ಶಹಾಪುರಕ್ಕೆ ಎಲ್ಲರೂ ಬರುವುದು ಮಲಗಿದ ಬುದ್ಧನನ್ನು ನೋಡಲು. ಗುಡ್ಡದ ಸಾಲು ದೂರದಿಂದ ಥೇಟ್ ಅಂಗಾತ ಮಲಗಿದ ಮನುಷ್ಯನಂತೆ, ಹಣೆ, ಮೂಗು, ಗಲ್ಲ, ಎದೆ. ನಾವು ಇಳಿದಾಗ ಮಾತ್ರ ಬುದ್ಧನೂ ಇಲ್ಲ, ಗುಡ್ಡವೂ ಇಲ್ಲ, ಬರೀ ಬಿಳಿ. ಚಹಾದಂಗಡಿಯವನು, "ಇನ್ನಾ ಹೊದ್ಕೊಂಡು ಮಲಗ್ಯಾನ್ರಿ, ಒಂಬತ್ತಕ್ಕ ಕೌದಿ ತೆಗೀತಾನ" ಅಂದ. ಎರಡೆರಡು ಚಹಾ ಕುಡಿದು ಕಾದೆವು. ಒಂಬತ್ತೂವರೆಗೆ ಮೊದಲು ಮೂಗು ಬಂತು. ಆಮೇಲೆ ಉಳಿದದ್ದು. ಒಂದು ಮಾತು, ಬುಡಕ್ಕೆ ಓಡಬೇಡಿ. ಗುಡ್ಡದ ಹತ್ತಿರ ಹೋದಷ್ಟೂ ಬುದ್ಧ ಚೂರುಚೂರಾಗಿ ಬಂಡೆಯಾಗುತ್ತಾನೆ. ದೂರ ನಿಂತವರಿಗೇ ದರ್ಶನ.

ಮೇಲೆ ಕೋಟೆ ಇದೆ. ಬಹಮನಿ, ಆದಿಲಶಾಹಿ ಕಾಲದ್ದು. ನಾನು ಅದನ್ನು ಪೂರ್ತಿ ನೋಡಲಿಲ್ಲ. ಹಿಂದಿನ ದಿನದ ಹತ್ತಾಟಕ್ಕೆ ಕಾಕಾನ ಮೊಣಕಾಲು ಹಾಗಲಕಾಯಿಯಂತೆ ಬಿಗಿದಿತ್ತು, ನನ್ನ ಬೂಟು ಹಗ್ಗದ ಮೇಲೆ ನಿಂತಿತ್ತು. ದಿಗ್ಗಿ ಸಂಗಮೇಶ್ವರಕ್ಕೆ ಕೈ ಮುಗಿದು, ಅರ್ಧ ದಾರಿ ಹತ್ತಿ, ಗೋಡೆಯ ಗೆರೆ ಬಂಡೆಯಿಂದ ಬಂಡೆಗೆ ದಾಟುವುದನ್ನು ಕೆಳಗಿನಿಂದಲೇ ನೋಡಿ ಇಳಿದೆವು. ಚಪ್ಪಲಿ ಹೊಲಿಯುವವರು ಸಿಗುತ್ತಾರೇನೋ ಅಂತ ಬಸ್‌ಸ್ಟ್ಯಾಂಡಿನ ಹತ್ತಿರ ಹುಡುಕಿದೆ. ಸಿಕ್ಕರು. ಗಂಟು ಮುಟ್ಟಿ ನೋಡಿ, "ಇದನ್ನ ಬಿಚ್ಚಿದ್ರ ಪೂರಾ ಬಿಚ್ಕೊಂತದ. ಊರಿಗಿ ಹೋಗಾತನಕ ಹಿಂಗೇ ಇರ್ಲಿ" ಅಂತ ಸಲಹೆ ಕೊಟ್ಟು ದುಡ್ಡು ತೊಗೊಳ್ಳದೆ ಕಳಿಸಿದರು.

ಅಲ್ಲಿಂದ ಸಗರಕ್ಕೆ ಹೋಗಿದ್ದು ನನ್ನ ಹಟ. ಈ ಸೀಮೆಗೆ ಸಗರನಾಡು ಅಂತ ಹೆಸರು ಕೊಟ್ಟ ಊರು ಈಗ ಸುಮ್ಮನೆ ಒಂದು ಹಳ್ಳಿ. ಕಟ್ಟೆಯ ಮೇಲೆ ಕೂತವರು, "ಇಲ್ಲೇನದ ಅಂತ ಬಂದೀರಿ?" ಅಂತ ಕೇಳಿದರು. ಏನಿದೆ ಅಂತ ಹೇಳುವುದು ಕಷ್ಟ. 1397ರಲ್ಲಿ ಕಲಬುರಗಿಯ ಅರಮನೆಯಲ್ಲಿ ಕೊಲೆ, ಕಣ್ಣು ಕೀಳುವುದು ನಡೆದಾಗ ಫಿರೋಜ್ ಮತ್ತು ಅಹಮದ್ ಎಂಬ ಅಣ್ಣತಮ್ಮಂದಿರು ಜೀವ ಉಳಿಸಿಕೊಂಡು ಓಡಿ ಬಂದದ್ದು ಈ ಸಗರದ ಕೋಟೆಗೆ. ಅದೇ ವರ್ಷ ಫಿರೋಜ್ ತಿರುಗಿ ಹೋಗಿ ಸುಲ್ತಾನನಾದ. ಮುಂದೆ ಅಹಮದ್ ಸುಲ್ತಾನನಾಗಿ ರಾಜಧಾನಿಯನ್ನೇ ಬೀದರಿಗೆ ಒಯ್ದ. ಬೀದರಿನ ಅಷ್ಟು ವೈಭವ ಒಂದು ಕಾಲಕ್ಕೆ ಈ ಹಳ್ಳಿಯಲ್ಲಿ ಅಡಗಿ ಕೂತಿತ್ತು ಅಂದರೆ ಕಟ್ಟೆಯವರು ನಂಬಲಿಲ್ಲ.

ಇನ್ನೊಂದು ಕಥೆಗೆ ಅವರೇ ತಲೆಯಾಡಿಸಿದರು, ಅದು ನಾಯಕರದು. ವಿಜಯಪುರ ಬಿದ್ದ ಮರುವರ್ಷ, 1687ರ ನವೆಂಬರಿನಲ್ಲಿ, ಬೇಡರ ಪಾಮನಾಯಕ ಈ ಸಗರವನ್ನು ಔರಂಗಜೇಬನ ಸೈನ್ಯಕ್ಕೆ ಒಪ್ಪಿಸಿದ. ಬಾದಶಾಹನ ದರ್ಬಾರಿಗೆ ಹೋದವನು ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಪಿಡ್ಡನಾಯಕ. ಅವನು ಕೆಲಕಾಲ ಮೊಗಲರ ಜೊತೆಗೇ ಇದ್ದು, ರಾಯಚೂರು ಗೆಲ್ಲಲು ಕೈ ಜೋಡಿಸಿ, ಆಮೇಲೆ ಸದ್ದಿಲ್ಲದೆ ವಾಗಣಗೇರಾ ಎಂಬ ಗುಡ್ಡ ಸೇರಿ ಸೈನ್ಯ ಕೂಡಿಸಿದ. ನಾಳೆ ನಾವು ಹೋಗಬೇಕಾದ ಜಾಗ ಅದೇ.

ಸಂಜೆಗೆ ಸುರಪುರ. ಸುತ್ತಲೂ ಗುಡ್ಡ, ನಡುವೆ ಊರು. ಓಣಿಗಳೆಲ್ಲ ಏರು ಇಳಿವು. ಅರಮನೆ, ವೇಣುಗೋಪಾಲಸ್ವಾಮಿ ಗುಡಿ ನೋಡಿಕೊಂಡು, ಬಿಸಿಲು ಇಳಿಯುವ ಮುಂಚೆ ಟೇಲರ್ ಮಂಜಿಲ್ ಗುಡ್ಡ ಹತ್ತಿದೆವು. ಕಾಕಾನಿಗೆ ಅಲ್ಲಿ ಕೂರಲು ಒಳ್ಳೆಯ ಕಟ್ಟೆ ಸಿಕ್ಕಿತು, ಬಹಳ ಹೊತ್ತು ಕೂತೆವು.

ಫಿಲಿಪ್ ಮೆಡೋಸ್ ಟೇಲರ್ ಈ ಊರಿಗೆ ಬಂದದ್ದು 1841ರಲ್ಲಿ. ಆಗ ರಾಜ ವೆಂಕಟಪ್ಪನಾಯಕ ಇನ್ನೂ ಹುಡುಗ. ರಾಜ್ಯ ನೋಡಿಕೊಳ್ಳಲು ಬಂದ ಇಂಗ್ಲಿಷ್ ಅಧಿಕಾರಿಯನ್ನು ಹುಡುಗ ಅಪ್ಪಾ ಅಂತ ಕರೆಯುತ್ತಿದ್ದ. ಟೇಲರ್ 1853ರಲ್ಲಿ ಹೋದ. ಐದು ವರ್ಷಕ್ಕೆ, 1858ರ ಫೆಬ್ರವರಿಯಲ್ಲಿ, ಅದೇ ಹುಡುಗ ಇಂಗ್ಲಿಷರ ಪಡೆಯ ಮೇಲೆ ಬಿದ್ದ. ಸೋತು ಹೈದರಾಬಾದಿಗೆ ಹೋದ, ಸಿಕ್ಕಿಬಿದ್ದ. ಟೇಲರ್ ಸೆರೆಮನೆಯಲ್ಲಿ ಅವನನ್ನು ಹೋಗಿ ಕಂಡ. ಕಳ್ಳನ ಹಾಗೆ ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂದು ವೆಂಕಟಪ್ಪ ಕೇಳಿಕೊಂಡದ್ದನ್ನು ಟೇಲರನೇ ಬರೆದಿಟ್ಟಿದ್ದಾನೆ. ಮರಣದಂಡನೆ ಇಳಿದು ಇಳಿದು ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಅಂತ ಆಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ತೀರಿಕೊಂಡ. ಇಪ್ಪತ್ನಾಲ್ಕರ ಆಸುಪಾಸಿನ ವಯಸ್ಸು. ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಅಂತ ಜಾತಕದಲ್ಲಿ ಇತ್ತಂತೆ. ಇದನ್ನೂ ಟೇಲರನೇ ಬರೆದದ್ದು. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

"ಅಪ್ಪಾ ಅಂತ ಕರಸ್ಕೊಂಡವ ಉಳಿಸ್ಕೋಬೇಕಿತ್ತು" ಅಂದರು ಕಾಕಾ. ಟೇಲರ್ ಕೈಯಲ್ಲಿ ಎಷ್ಟಿತ್ತೋ. ಆದರೂ ಆ ಕಟ್ಟೆಯ ಮೇಲೆ ಕೂತು ಊರ ದೀಪಗಳು ಒಂದೊಂದೇ ಹತ್ತುವುದನ್ನು ನೋಡುವಾಗ ಕಾಕಾನ ಮಾತನ್ನು ತೆಗೆದುಹಾಕಲು ಆಗಲಿಲ್ಲ.

ಮೂರನೇ ದಿನ: ವಾಗಣಗೇರಾ

ಲಾಡ್ಜಿನವನು, "ವಾಗಣಗೇರಾಕ್ಕ ಯಾಕ್ರಿ? ಅಲ್ಲಿ ಕಲ್ಲು ಅವ" ಅಂದ. ಬೆಳಗ್ಗೆ ಒಂದು ಆಟೋ ಗೊತ್ತು ಮಾಡಿದೆವು. ಬಸ್ಸಿಗೆ ಕಾಯುವುದಕ್ಕಿಂತ ಇದು ವಾಸಿ, ಹೋಗಿ ಬರುವ ಬಾಡಿಗೆಯನ್ನು ಮಾತ್ರ ಹತ್ತುವ ಮುಂಚೆಯೇ ಮಾತಾಡಿಕೊಳ್ಳಬೇಕು. ನಾವು ಹೋಗಿ ಬರುವ ಲೆಕ್ಕ ಆಡಿದೆವು, ಕಾಯುವ ಲೆಕ್ಕ ಆಡಲಿಲ್ಲ.

ರಸ್ತೆಯ ಎರಡೂ ಕಡೆ ಹತ್ತಿ. ನಾರಾಯಣಪುರದ ಕಾಲುವೆ ನೀರು ಬಂದ ಕಡೆ ಭತ್ತ, ಬಾರದ ಕಡೆ ತೊಗರಿ. ಒಂದೇ ಸೀಮೆ, ಒಂದು ಕಾಲುವೆಯ ಗೆರೆ ದಾಟಿದರೆ ಬಣ್ಣವೇ ಬೇರೆ. ಒಣ ತೊಗರಿ ಕಟ್ಟಿಗೆಯ ವಾಸನೆ ಆಟೋದೊಳಗೆ ನುಗ್ಗುತ್ತಿತ್ತು. ಚಾಲಕ ಹುಡುಗ ಎರಡು ವರ್ಷ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಬಂದವನು. "ಹದಿನಾಲ್ಕು ಮಜಲಿ ಏರಸೀನ್ರಿ. ಈ ಗುಡ್ಡ ಏನೂ ಅಲ್ಲ" ಅಂದ. ಹಾಗಂದವನು ಹತ್ತಲು ಬರಲಿಲ್ಲ. ಗುಡ್ಡದ ಮುಂದೆ ಬೇವಿನ ಮರದ ನೆರಳಿಗೆ ಆಟೋ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿದ.

ಲಾಡ್ಜಿನವನು ಹೇಳಿದ್ದು ಸುಳ್ಳಲ್ಲ. ಯಾದಗಿರಿಯಲ್ಲಿ ಕಂಡಂಥ ಎತ್ತರದ ಬಾಗಿಲು, ಬುರುಜಿನ ಸಾಲು ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆ ಖಂಡಿತ. ಬಂಡೆ, ಜಾಲಿ, ಅಲ್ಲಲ್ಲಿ ಗೋಡೆಯ ತುಂಡು. ಗೋಡೆ ಎಲ್ಲಿ ಮುಗಿದು ಗುಡ್ಡ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ಹೇಳಲಾಗದು. ಹತ್ತಿ ಬಿಡಿಸುತ್ತಿದ್ದ ಹೆಂಗಸರನ್ನು ದಾರಿ ಕೇಳಿದೆವು. "ಅಲ್ಲೊಬ್ಬ ಮುತ್ಯಾ ಕುಂತಾನ ನೋಡ್ರಿ, ಅಂವಗ ಕೇಳ್ರಿ. ಅಂವಗ ಎಲ್ಲಾ ಗೊತ್ತದ, ಬಿಟ್ಟರ ಚಂಜಿ ಆಗ್ತದ" ಅಂತ ನಕ್ಕರು.

ಮುತ್ಯಾ ಹೊಲದ ಬದುವಿನ ಮೇಲೆ ಕೂತು ತೊಗರಿ ಬಡಿಯುವುದನ್ನು ಉಸ್ತುವಾರಿ ಮಾಡುತ್ತಿದ್ದ. ಬಿಳಿ ಪಟಕಾ, ಕೈಯಲ್ಲಿ ಬಡಿಗೆ. ಕಾಕಾನ ವಯಸ್ಸು ಕೇಳಿದ, ಅರವತ್ತೇಳು ಅಂದರೆ "ಸಣ್ಣಾವ ಅದಿ" ಅಂದ. ನಮ್ಮ ಜೊತೆ ಹತ್ತಲು ಹೊರಟೇಬಿಟ್ಟ. ಆ ಗುಡ್ಡದ ಮೇಲೆ ಅವನ ಕಾಲಿಗೆ ಕಣ್ಣಿದ್ದವು. ನಾವು ಕೈ ಊರುವಲ್ಲಿ ಅವನು ಬಡಿಗೆಯನ್ನೂ ಊರಲಿಲ್ಲ.

1705ರ ಫೆಬ್ರವರಿಯಲ್ಲಿ ಈ ಕಲ್ಲಿನ ಗುಡ್ಡಕ್ಕೆ ಔರಂಗಜೇಬ್ ಖುದ್ದಾಗಿ ಬಂದ. ಆಗ ಅವನಿಗೆ ಎಂಬತ್ತಾರು. ವಿಜಯಪುರ, ಗೋಲ್ಕೊಂಡ ಮುಳುಗಿಸಿದವನು, ಕಾಬೂಲಿನಿಂದ ತೆಂಕಣದ ತನಕ ಆಳುವವನು, ಒಬ್ಬ ಬೇಡರ ನಾಯಕನನ್ನು ಹಿಡಿಯಲು ಡೇರೆ ಹೊಡೆದು ಕೂತ. ಅವನು ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. ಮುಂದೆ ಹೈದರಾಬಾದಿನ ಮೊದಲ ನಿಜಾಮನಾದ ಚಿನ್ ಕಿಲಿಚ್ ಖಾನ್ ಕೂಡ ಆ ಪಡೆಯಲ್ಲಿದ್ದ. ಕೋಟೆಗೆ ಎದುರಾಗಿ ನಿಲ್ಲುವ ಒಂದು ಕೆಂಪು ದಿಬ್ಬವನ್ನು, ಮೊಗಲರ ಬಾಯಲ್ಲಿ ಲಾಲ್ ಟೀಕ್ರಿ, ಮೊದಲು ಹಿಡಿದರು, ಹಿಡಿದದ್ದನ್ನು ಕಳಕೊಂಡರು. ಬೇಡರ ಬಂದೂಕಿಗೆ ಗುರಿ ತಪ್ಪುವುದಿಲ್ಲ ಅನ್ನುವುದು ಆ ಕಾಲಕ್ಕೇ ಹೆಸರಾದ ಮಾತು.

ಅಷ್ಟರಲ್ಲಿ ಮರಾಠರ ಧನಾಜಿ ಜಾಧವ ಕುದುರೆ ಪಡೆ ತಂದ. ಮರಾಠ ಸರದಾರರ ಹೆಂಡತಿ ಮಕ್ಕಳು ಈ ಕೋಟೆಯಲ್ಲಿದ್ದರು, ಒಂದು ಕಡೆ ಕಾದಾಡುತ್ತ ಇನ್ನೊಂದು ಕಡೆಯಿಂದ ಅವರನ್ನು ಕುದುರೆ ಏರಿಸಿ ಹೊರಗೆ ಸಾಗಿಸಿದರು. ಆಮೇಲೂ ನಿಲ್ಲಲಿ ಅಂತ ಪಿಡ್ಡನಾಯಕ ಅವರಿಗೆ ದಿನಕ್ಕಿಷ್ಟು ಸಾವಿರ ರೂಪಾಯಿ ಅಂತ ಗೊತ್ತು ಮಾಡಿದ.

ಅಲ್ಲಿಂದ ಮುಂದಿನದು ಬಯಲಾಟದ ಕಥೆ ಇದ್ದ ಹಾಗಿದೆ. ಶರಣಾಗುತ್ತೇನೆ ಅಂತ ಪಿಡ್ಡನಾಯಕ ಚೀಟಿ ಕಳಿಸಿದ. ತಮ್ಮನನ್ನೇ ಬಾದಶಾಹನ ಡೇರೆಗೆ ಕಳಿಸಿದ. ಕೋಟೆ ವಹಿಸಿಕೊಳ್ಳಲು ಮೊಗಲರ ಕಿಲ್ಲೇದಾರ ಒಳಗೆ ಬಂದ. ಆಮೇಲೆ ಸುದ್ದಿ ಬಂತು, ನಾಯಕನಿಗೆ ಹುಚ್ಚು ಹಿಡಿದು ಮರಾಠರ ಜೊತೆ ಓಡಿಹೋಗಿದ್ದಾನೆ ಅಂತ. ತಮ್ಮ ಹೋಗಿ ಮನೆ ಸಂಬಾಳಿಸಲಿ ಅಂತ ತಾಯಿ ಬೇಡಿಕೊಂಡಳು, ಬಾದಶಾಹ ಬಿಟ್ಟುಕೊಟ್ಟ. ತಮ್ಮ ಒಳಗೆ ಸೇರಿದ ಮೇಲೆ ಗೊತ್ತಾಯಿತು, ಹುಚ್ಚೂ ಇಲ್ಲ, ಓಡಿದ್ದೂ ಇಲ್ಲ. ನಾಯಕ ಒಳಗೇ ಇದ್ದಾನೆ, ಕಿಲ್ಲೇದಾರ ಅವನ ಸೆರೆಯಾಳಾಗಿದ್ದಾನೆ.

ಬಾದಶಾಹ ಸಿಟ್ಟಿಗೆದ್ದು ತನ್ನ ದೊಡ್ಡ ಸೇನಾಪತಿ ಜುಲ್ಫಿಕರ್ ಖಾನನನ್ನು ಕರೆಸಿದ. ಅವನು ಬಂದು ಗೋಡೆಗಿಂತ ಮೊದಲು ಬಾವಿ ಹಿಡಿದ. ಮೊನ್ನೆ ಯಾದಗಿರಿಯ ಹೊಂಡದ ಅಂಚಿನಲ್ಲಿ ಹೊಳೆದದ್ದು ಇಲ್ಲಿ ಎದುರಿಗೆ ಬಂತು. ನೀರು ಹೋದ ಮೇಲೆ ಕೋಟೆ ದಿನ ಎಣಿಸುತ್ತದೆ. ಏಪ್ರಿಲ್ 27, ಕಡು ಬೇಸಿಗೆ. ಆ ರಾತ್ರಿ ಮನೆಗಳಿಗೆ ಬೆಂಕಿ ಇಟ್ಟು ಎಲ್ಲರೂ ಹಿಂದಿನ ದಾರಿಯಿಂದ ಹೋಗಿಬಿಟ್ಟರು. ಮೊಗಲರು ಒಳಗೆ ಬಂದಾಗ ಸಿಕ್ಕದ್ದು ಬೂದಿ. ಆ ಬೂದಿಗೆ ರಹಮಾನ್ ಬಕ್ಷ್ ಅಂತ ಹೊಸ ಹೆಸರಿಟ್ಟರು. ಹೆಸರು ಉಳಿಯಲಿಲ್ಲ. ಗೆದ್ದ ಬಾದಶಾಹ ಇಲ್ಲೇ ದೇವಾಪುರದಲ್ಲಿ ಡೇರೆ ಹಾಕಿದವನು ಜಡ್ಡು ಬಿದ್ದ, ತಿಂಗಳುಗಟ್ಟಲೆ ಅಲ್ಲೇ ಮಲಗಿದ. ಚೇತರಿಸಿಕೊಂಡು ಅಹಮದ್‌ನಗರದ ದಾರಿ ಹಿಡಿದ. 1707ರಲ್ಲಿ ಅಲ್ಲಿಯೇ ಸತ್ತ. ನಾಯಕರು ಪಕ್ಕದ ಸುರಪುರದಲ್ಲಿ ರಾಜಧಾನಿ ಕಟ್ಟಿಕೊಂಡು ಇನ್ನೂ ಒಂದೂವರೆ ಶತಮಾನ ಆಳಿದರು.

ಇದನ್ನೆಲ್ಲ ಓದಿಕೊಂಡು ಬಂದಿದ್ದೆನಲ್ಲ, ಮೇಲೆ ಬಂಡೆಯ ಮೇಲೆ ಕೂತು ಕಾಕಾನಿಗೆ ಹೇಳುತ್ತಿದ್ದೆ. "ಕೊನಿಗಿ ಪಿಡ್ಡನಾಯಕ ರಾತ್ರೋರಾತ್ರಿ ಓಡಿಹೋದ" ಅಂದೆ. ಅಷ್ಟು ಹೊತ್ತು ಸುಮ್ಮನಿದ್ದ ಮುತ್ಯಾ ಬಡಿಗೆಯಿಂದ ಕಲ್ಲು ಕುಟ್ಟಿದ.

"ಏ ತಮ್ಮಾ, ಓಡಿಹೋಗಿಲ್ಲ. ಇಳದು ಹೋಗ್ಯಾನ."

"ಎರಡಕ್ಕೂ ಏನು ಫರಕ್ ಮುತ್ಯಾ?"

"ಓಡಿಹೋದಾವ ಹೊಳ್ಳಿ ಬರಂಗಿಲ್ಲ."

ಕಾಕಾ ನನ್ನ ಮುಖ ನೋಡಿದರು, ತಪ್ಪು ಉತ್ತರ ಬರೆದ ಹುಡುಗನನ್ನು ನೋಡುವ ಹಾಗೆ. ನಾನು ಮೊಗಲರ ದಫ್ತರದ ಮಾತನ್ನು ಅವರ ಗುಡ್ಡದ ಮೇಲೆ ಕೂತು ಆಡಿದ್ದೆ.

ರೊಟ್ಟಿ ಬಿಚ್ಚಿದೆವು. ಮೂರನೇ ದಿನದ ಸಜ್ಜಿ ರೊಟ್ಟಿ ಕಟುಂ ಅನ್ನುತ್ತಿತ್ತು, ಹಿಂಡಿ ಇನ್ನೂ ಚೆನ್ನಾಗಿತ್ತು. ಮುತ್ಯಾ ಸೊಂಟದಿಂದ ಒಂದು ಉಳ್ಳಾಗಡ್ಡಿ ತೆಗೆದು ಕಲ್ಲಿನ ಮೇಲೆ ಗುದ್ದಿ ಹಂಚಿದ. ಗಾಳಿ ತಣ್ಣಗಿತ್ತು. ಕೆಳಗೆ ಹತ್ತಿ ಹೊಲದಿಂದ ಹೆಂಗಸರ ಮಾತು ತುಂಡುತುಂಡಾಗಿ ಬರುತ್ತಿತ್ತು. ನನ್ನ ಬೂಟಿನ ಹಗ್ಗ ನೋಡಿ ಯಾರು ಕಟ್ಟಿದ್ದು ಅಂತ ಕೇಳಿದ. ಯಾದಗಿರಿಯ ಆಡಿನವರು ಅಂದೆ. ಗಂಟು ಎಳೆದು ನೋಡಿ, "ಚಲೋ ಕಟ್ಯಾನ" ಅಂದ, ಆದರೂ ತನ್ನದೂ ಒಂದು ಗಂಟು ಮೇಲೆ ಹಾಕಿದ.

"ಆ ದಾರಿ ಎಲ್ಲದ ಮುತ್ಯಾ, ನಾಯಕ ಇಳಿದದ್ದು?" ಕಾಕಾ ಕೇಳಿದರು.

ಹಿಂದಿನ ಬದಿಯ ಒಂದು ಸಂದು ತೋರಿಸಿದ. ಇದೇ ಅಂತ ನಮ್ಮಪ್ಪ ಹೇಳಿದ್ದ ಅಂದ. ಇದ್ದರೂ ಇರಬಹುದು, ಇಲ್ಲದಿದ್ದರೂ ಆಡುಗಳು ದಿನಾ ಇಳಿಯುವ ದಾರಿಯಂತೂ ಹೌದು, ಹಿಕ್ಕೆ ಬಿದ್ದಿದ್ದವು. ಮುತ್ಯಾ ತೊಗರಿಯ ಕಡೆ ಹೊರಟ. ನಾವು ಆ ಸಂದಿನಲ್ಲಿ ಇಳಿದೆವು. ಕಾಕಾ ಎರಡು ಕಡೆ ಕೂತುಕೊಂಡೇ ಜಾರಿದರು, ಪ್ಯಾಂಟಿನ ಹಿಂಭಾಗ ಚಿಗವ್ವನಿಗೆ ತೋರಿಸುವ ಹಾಗಿರಲಿಲ್ಲ. ನನ್ನ ಬೂಟು ಒಮ್ಮೆಯೂ ಬಾಯಿ ಬಿಡಲಿಲ್ಲ. ಮುಕ್ಕಾಲು ತಾಸು ಹಿಡಿಯಿತು.

ಇಳಿದ ಮೇಲೆ ನೆನಪಾಯಿತು, ಆಟೋ ಇರುವುದು ಗುಡ್ಡದ ಮುಂದೆ, ನಾವಿರುವುದು 1705ರ ಹಿಂಬದಿ. ಫೋನಿಗೆ ಸಿಗ್ನಲ್ ಇಲ್ಲ. ಹತ್ತಿಯ ಬದು, ಮುಳ್ಳುಬೇಲಿ, ಒಂದು ಒಣ ಹಳ್ಳ ದಾಟಿ ಸುತ್ತು ಹಾಕಿಕೊಂಡು ಬಂದಾಗ ಒಂದೂವರೆ ದಾಟಿತ್ತು. ಆಟೋ ಹುಡುಗ ಸೀಟಿನಿಂದ ಎದ್ದು, ಬಂಡೆಯ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಹಿಂದಿನಿಂದ ನಾನು ಭುಜ ಮುಟ್ಟಿದ್ದಕ್ಕೆ ಹೌಹಾರಿದ.

"ಯವ್ವಾ! ನೀವು ಮ್ಯಾಲೇ ಅದೀರಂತ ನಾ ಇಲ್ಲೇ ಕಾಯ್ಲಾಕತ್ತೀನ್ರಿ! ಯಾವಾಗ ಹೋದ್ರಿ?"

ಕಾಕಾ ಮೊಣಕಾಲು ಹಿಡಿದುಕೊಂಡು ಬೇವಿನ ಬುಡದಲ್ಲಿ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹುಡುಗನಿಗೆ ಏನೂ ತಿಳಿಯಲಿಲ್ಲ. ಕಾಯ್ದದ್ದಕ್ಕೆ ನೂರೈವತ್ತು ಹೆಚ್ಚಿಗೆ ಕೇಳಿದ. ಹೂವು ಕೊಳ್ಳುವಾಗಲೂ ಚೌಕಾಶಿ ಮಾಡುವ ಕಾಕಾ ಒಂದು ಮಾತೂ ಆಡದೆ ಎಣಿಸಿ ಕೊಟ್ಟರು.